ಸಿಹಿ ಎಲೆಯ ನರ್ಸಬಾಯಿ

ಅವರ ಬಲಗೈ ಹೆಬ್ಬೆರಳಿನ ಉಗುರು ಸದಾ ಹಸಿರಾಗಿರುತ್ತಿತ್ತು. ಉಳಿದ ಒಂಬತ್ತನ್ನೂ ಮಾಂಸಕ್ಕೆ ತಾಗುವಷ್ಟು ಕತ್ತರಿಸಿಕೊಂಡಿರುತ್ತಿದ್ದರು. ಅದೊಂದನ್ನು ಮಾತ್ರ ಜೋಳದ ಕಾಳಿನಷ್ಟು ಬೆಳೆಯಲು ಬಿಟ್ಟಿದ್ದರು. ಮಾಳಿಗೆಯ ಮೇಲಿನ ಗಿಡಗಳ ತುದಿಯಲ್ಲಿ ಬಿಳಿ ಮೊಗ್ಗು ಕಂಡೊಡನೆ ಚಿವುಟಲು ಅದು ಬೇಕಾಗಿತ್ತು. ಸ್ಪಿರಿಟ್ಟಿನಲ್ಲಿ ಉಜ್ಜಿದರೂ ಆ ಬಣ್ಣ ಪೂರ್ತಿ ಹೋಗುತ್ತಿರಲಿಲ್ಲ. ಅದೇ ಕೈಯಿಂದ ಅವರು ಊರಿನವರ ಹುಣ್ಣು ತೊಳೆದರು, ಕೀವು ಹಿಂಡಿದರು, ಬಾಣಂತಿಯರ ಬಟ್ಟೆ ಎತ್ತಿದರು. ಆ ಕೈಯನ್ನು ಮುಟ್ಟಲು ಹೇಸುತ್ತಿದ್ದ ಮನೆಯಲ್ಲಿ ನಾನು ಹನ್ನೆರಡು ವರ್ಷ ಉಂಡೆ, ಉಟ್ಟೆ, ಬಾಯಿ ಮುಚ್ಚಿಕೊಂಡು ಬಾಳಿದೆ. ಆ ಮನೆಯ ಮೇಲಿನ ಹೇಸಿಗೆ ನನಗೆ ಇನ್ನೂ ಹೋಗಿಲ್ಲ. ನನ್ನ ಮೇಲಿನದ್ದೂ ಹೋಗಿಲ್ಲ.

ಶಹಾಬಾದದಲ್ಲಿ ಎಲ್ಲರೂ ಅವರನ್ನು ನರ್ಸಬಾಯಿ ಎನ್ನುತ್ತಿದ್ದರು. ಹುಟ್ಟಿದ್ದು ಮಳಖೇಡದ ಮುಸಲ್ಮಾನರ ಮನೆಯಲ್ಲಿ. ಕೆಲಸ ಆರಂಭಿಸಿದ್ದು ಚಿಂಚೋಳಿ ಕಡೆಯ ಕೊಡ್ಲಿಯ ದವಾಖಾನೆಯಲ್ಲಿ, ಆಮೇಲೆ ಸೇಡಂ, ಕೊನೆಗೆ ಶಹಾಬಾದ. ಮದುವೆಯಾಗಲಿಲ್ಲ. ನಿವೃತ್ತಿಯಾದ ಮೇಲೆ ನಮ್ಮ ಓಣಿಯ ಹಿಂದೆ, ನೆಲಕ್ಕೆ ಹಾಸುವ ಫರಸಿ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಗಳ ಸಾಲಿನ ಕೊನೆಗೆ, ಎರಡು ಕೋಣೆಯ ಮನೆಯಲ್ಲಿ ಒಬ್ಬರೇ ಇದ್ದರು. ಕಲ್ಲು ತಿಕ್ಕಿದ ಬಿಳಿ ನೀರು ಅವರ ಮನೆ ಮುಂದಿನ ಚರಂಡಿಯಲ್ಲಿ ಹಳಸಿದ ಗಂಜಿಯಂತೆ ಹರಿಯುತ್ತಿತ್ತು. ಒಣಗಿದರೆ ಪುಡಿಯಾಗಿ ಹಾರಿ ಮೂಗು, ಅನ್ನ, ಹಾಸಿಗೆ ಎಲ್ಲದರ ಮೇಲೂ ಕೂರುತ್ತಿತ್ತು.

ನಾನು ಆ ಊರಿಗೆ ಸೊಸೆಯಾಗಿ ಬಂದದ್ದು ತೊಂಬತ್ತರ ದಶಕದ ನಡುವಿನಲ್ಲಿ. ನಮ್ಮದು ವೈಷ್ಣವರ ಮನೆ. ಮಾವನವರು ಓಣಿಯ ಹನುಮಂತ ದೇವರ ಗುಡಿಯ ಅರ್ಚಕರು. ಭಾವ, ಅಂದರೆ ನನ್ನ ಗಂಡನ ಅಣ್ಣ, ಗುಡಿಯ ಎದುರಿಗೇ ಪೂಜಾ ಸಾಮಾನಿನ ಅಂಗಡಿ ಇಟ್ಟಿದ್ದರು. ನನ್ನ ಗಂಡ ಚಿತ್ತಾಪುರದ ಕಚೇರಿಯೊಂದಕ್ಕೆ ದಿನಾ ರೈಲಿನಲ್ಲಿ ಹೋಗಿಬರುವ ಗುಮಾಸ್ತ. ನಾನು ಪ್ರಾಥಮಿಕ ಶಾಲೆಯ ಟೀಚರ್. ನನ್ನ ಅಕ್ಷರ ಚೆನ್ನಾಗಿತ್ತು. ಶಾಲೆಯ ಗೋಡೆಯ ಮೇಲಿನ ಬರಹ, ಗುಡಿಯ ಪ್ರಕಟಣೆ, ಓಣಿಯವರ ಅರ್ಜಿ ಎಲ್ಲ ನನ್ನ ಕೈಯವೇ. ನರ್ಸಬಾಯಿಯ ಪಿಂಚಣಿ ಅರ್ಜಿಯನ್ನೂ ಬರೆದುಕೊಟ್ಟಿದ್ದೆ. ಅವರು ಕನ್ನಡ ಓದುತ್ತಿದ್ದರು, ಆದರೆ ಬರೆಯಲು ಕೈ ಓಡುತ್ತಿರಲಿಲ್ಲ.

ನಮ್ಮ ಮನೆಗೆ ಅವರು ಬಂದದ್ದು ಮಾವನವರ ಕಾಲಿನಿಂದ. ಮಾವನವರಿಗೆ ಸಕ್ಕರೆ ಕಾಯಿಲೆ ಇದೆಯೆಂದು ಮೊದಲು ತಿಳಿದದ್ದು ನನಗೆ. ಬಚ್ಚಲಿನಲ್ಲಿ ಇರುವೆಗಳು ಸಾಲುಗಟ್ಟುತ್ತಿದ್ದವು. ಸೊಸೆಯಾದವಳು ಮಾವನ ಮೂತ್ರದ ಮಾತು ಹೇಗೆ ಎತ್ತುವುದೆಂದು ತಿಂಗಳುಗಟ್ಟಲೆ ಸುಮ್ಮನಿದ್ದೆ. ಆ ಬೇಸಿಗೆಯಲ್ಲಿ ಅವರು ಕಾದ ಫರಸಿಯ ಮೇಲೆ ಬರಿಗಾಲಲ್ಲಿ ಪ್ರದಕ್ಷಿಣೆ ಹಾಕಿದರು. ಕಾಯಿಲೆಯಿಂದ ಮರಗಟ್ಟಿದ್ದ ಅಂಗಾಲು ಸುಟ್ಟು ಬೊಬ್ಬೆ ಎದ್ದದ್ದು ಅವರಿಗೆ ಗೊತ್ತೇ ಆಗಲಿಲ್ಲ. ಗೊತ್ತಾದ ಮೇಲೂ ಹದಿನೈದು ದಿನ ಧೋತರದ ಅಂಚಿನಲ್ಲಿ ಮುಚ್ಚಿಟ್ಟರು. ವಾಸನೆ ಬಂದಾಗ ಅತ್ತೆ ಕರ್ಪೂರ ಹಚ್ಚಿದರು. ಕರ್ಪೂರದೊಳಗಿಂದ ಹಾಯ್ದು ಬರುವ ಕೊಳೆತ ಮಾಂಸದ ವಾಸನೆಯನ್ನು ನಾನು ಇವತ್ತಿಗೂ ಮಂಗಳಾರತಿ ಹೊತ್ತಿನಲ್ಲಿ ನೆನೆಯುತ್ತೇನೆ.

ಡಾಕ್ಟರು ದಿನಾ ಡ್ರೆಸಿಂಗ್ ಆಗಬೇಕು ಎಂದರು. ಗಂಡ ನರ್ಸಬಾಯಿಯನ್ನು ಕರೆತಂದರು. ಅತ್ತೆ ಅವರನ್ನು ಒಳಗೆ ಬಿಡಲಿಲ್ಲ. ಮಾವನವರನ್ನೇ ಹೊರಕಟ್ಟೆಗೆ ಕರೆತಂದು ಕೂರಿಸಿದರು. ನರ್ಸಬಾಯಿ ಕಾಲಿಗೆ ಸುತ್ತಿದ್ದ ಬಟ್ಟೆ ಬಿಚ್ಚಿ, ಬಗ್ಗಿ, ಮೂಗನ್ನು ಹುಣ್ಣಿನ ಹತ್ತಿರ ಒಯ್ದರು. ನಾನು ಅಂಗಳದ ಮೂಲೆಗೆ ಓಡಿ ವಾಂತಿ ಮಾಡಿಕೊಂಡೆ. ತಿರುಗಿ ಬಂದಾಗ ಅವರು ಮಾವನವರಿಗೆ ಹೇಳುತ್ತಿದ್ದರು, "ಇದನ್ನ ಮೂಗಿಲೆ ನೋಡ್ಬೇಕ್ರಿ ಆಚಾರ್ರ. ಕಣ್ಣಿಗಿ ಮ್ಯಾಲಿಂದಷ್ಟೇ ಕಾಣ್ತದ. ಒಂದು ಬೆರಳು ಹೋಗ್ತದ. ಕಾಲು ಉಳಸ್ತೀನಿ, ನೀವು ನನ್ನ ಮಾತು ಕೇಳಿದ್ರ."

ಅವರು ಕಟ್ಟೆ ಇಳಿದು ನಾಲ್ಕು ಹೆಜ್ಜೆ ಹೋಗಿರಲಿಲ್ಲ, ಅತ್ತೆ ಒಂದು ಕೊಡ ನೀರು ತಂದು ಅವರು ಕೂತಿದ್ದ ಜಾಗಕ್ಕೆ ಸುರಿದರು. ನರ್ಸಬಾಯಿ ತಿರುಗಿ ನೋಡಿದರು. ಮರುದಿನ ಕಂಕುಳಲ್ಲಿ ಪ್ಲಾಸ್ಟಿಕ್ ಚೀಲದ ತುಂಡೊಂದನ್ನು ಸುತ್ತಿಕೊಂಡು ಬಂದು, ಕಟ್ಟೆಯ ಮೇಲೆ ಹಾಸಿ ಕೂತರು.

"ನಲ್ಲಿ ನಾಕು ದಿನಕ್ಕೊಮ್ಮಿ ಬರ್ತದ," ಎಂದರು ಅತ್ತೆಗೆ. "ನೀರು ಯಾಕ ಹಾಳು ಮಾಡ್ತೀರಿ. ನಂದು ನಾ ಹಾಸ್ಕೋತೀನಿ, ನಂದು ನಾ ಒಯ್ತೀನಿ."

ಅತ್ತೆ ಆವತ್ತೂ ನೀರು ಹಾಕಿದರು. ನಲವತ್ತು ದಿನ ನರ್ಸಬಾಯಿ ಬಂದರು, ನಲವತ್ತು ದಿನ ಅತ್ತೆ ಕಟ್ಟೆ ತೊಳೆದರು. ಕೀವು ನಮ್ಮದು, ನಾತ ನಮ್ಮದು, ತೊಳೆಸಿಕೊಂಡದ್ದು ಮಾತ್ರ ಅವರ ನೆರಳು. ನಾನು ನೀರಿನ ಕೊಡ ತುಂಬಿ ಕೊಡುತ್ತಿದ್ದೆ. ಬೆರಳೊಂದು ಹೋಯಿತು, ಕಾಲು ಉಳಿಯಿತು.

ಅಷ್ಟಾದ ಮೇಲೂ ಮಾವನವರ ನಾಲಿಗೆ ಸುಮ್ಮನಿರಲಿಲ್ಲ. ನೈವೇದ್ಯದ ಸಕ್ಕರೆಯನ್ನು ಗರ್ಭಗುಡಿಯಲ್ಲೇ ಮುಕ್ಕುತ್ತಿದ್ದರು. ಪಂಚಾಮೃತದ ಬಟ್ಟಲನ್ನು ಬೆರಳಿನಿಂದ ಬಳಿದು ನೆಕ್ಕುವುದನ್ನು ನಾನೇ ನೋಡಿದ್ದೇನೆ. ಕೇಳಿದರೆ, "ದೇವರ ಪ್ರಸಾದದಿಂದ ಕೆಟ್ಟದ್ದಾಗಂಗಿಲ್ಲ" ಎನ್ನುವರು. ನರ್ಸಬಾಯಿ ರಕ್ತ ಪರೀಕ್ಷೆಯ ಚೀಟಿ ನೋಡಿ ಹೇಳಿದರು, "ದೇವರಿಗಿ ಸಕ್ಕರಿ ಬ್ಯಾನಿ ಇಲ್ರಿ ಆಚಾರ್ರ. ನಿಮಗದ." ಓಣಿಯಲ್ಲಿ ಹಾಗೆ ಮಾವನವರಿಗೆ ಹೇಳಿದ ಮೊದಲನೆಯವರು ಅವರು.

ನರ್ಸಬಾಯಿಗೂ ಸಕ್ಕರೆ ಕಾಯಿಲೆ ಇತ್ತು. ಅವರ ತಾಯಿ ಅದರಲ್ಲೇ ಕಣ್ಣು ಕಳೆದುಕೊಂಡು ಸತ್ತಿದ್ದರು. ತಾವೇ ಹೊಟ್ಟೆಗೆ ಸೂಜಿ ಚುಚ್ಚಿಕೊಳ್ಳುತ್ತಿದ್ದರು. ನಮ್ಮ ಕಡೆಯ ಉಪಚಾರವೆಂದರೆ ಅವರಿಗೆ ಮೈ ಉರಿಯುತ್ತಿತ್ತು. ಯಾರ ಮನೆಗೆ ಹೋದರೂ ಪಾಕದಂಥ ಚಹಾ, ಬೇಡವೆಂದರೆ ಮುನಿಸು. "ಸಕ್ಕರಿ ಹಾಕದ ಪ್ರೀತಿ ಈ ಊರಾಗ ಯಾರ್ಗೂ ಬರಂಗಿಲ್ಲೇನು," ಎಂದು ಬೈಯುತ್ತಿದ್ದರು. "ಕಾಲು ಕತ್ತರಿಸೋ ಮುಂದ ಯಾರೂ ಬರಂಗಿಲ್ಲ. ಬರೇ ಪೇಢೇ ತಿನ್ನಸಲಿಕ್ಕಿ ಬರ್ತಾರ."

ಎರಡು ಸಾವಿರದ ಇಸವಿ ದಾಟಿದ ಮೇಲೆ ಒಮ್ಮೆ ಹೈದರಾಬಾದಿನ ಅಕ್ಕನ ಮನೆಗೆ ಹೋಗಿದ್ದವರು ಅಲ್ಲಿಯ ಸಸಿಗಳ ಅಂಗಡಿಯಿಂದ ಎರಡು ಗಿಡ ತಂದರು. ಒದ್ದೆ ಬಟ್ಟೆ ಸುತ್ತಿ, ಮಡಿಲಲ್ಲಿಟ್ಟುಕೊಂಡು ವಾಡಿಯವರೆಗೆ ರೈಲಿನಲ್ಲಿ, ಅಲ್ಲಿಂದ ಬಸ್ಸಿನಲ್ಲಿ. ಸ್ಟೀವಿಯಾ ಎಂದು ಅದರ ಹೆಸರು. ನಾವು ಸಿಹಿ ತುಳಸಿ ಎಂದೆವು, ಅದು ತುಳಸಿಯ ಜಾತಿ ಅಲ್ಲದಿದ್ದರೂ. ಒರಟು ಅಂಚಿನ ಸಣ್ಣ ಎಲೆ. ಅವರು ಒಂದನ್ನು ಕಿತ್ತು ನನ್ನ ಬಾಯಿಗೆ ಇಟ್ಟರು. ಅಗಿದ ಕೂಡಲೇ ಜೇನಿಗಿಂತ ಹೆಚ್ಚು ಸಿಹಿ. ಆಮೇಲೆ ನಾಲಿಗೆಯ ಬೇರಿನಲ್ಲಿ ಜೇಷ್ಠಮಧುವಿನಂಥ ಒಂದು ಒಗರು ಕಹಿ ಉಳಿಯಿತು. ನಾನು ಮುಖ ಕಿವುಚಿದೆ.

"ಕಹಿ ಬರ್ತದಲ್ಲ, ಅದು ಛಲೋ," ಎಂದರು. "ಎರಡನೇ ಸಲ ಕೈ ಹಾಕೂ ಮುಂದ ಮನಷ್ಯಾ ವಿಚಾರ ಮಾಡ್ತಾನ."

ಆ ಎರಡು ಗಿಡ ಬದುಕಿಸಲು ಅವರು ಪಟ್ಟ ಪಾಡು ನೋಡಿಯೇ ನಾನು ಅವರ ಮಾಳಿಗೆಗೆ ದಿನಾ ಹೋಗತೊಡಗಿದ್ದು. ನಮ್ಮ ಎರೆ ಮಣ್ಣು ಅದಕ್ಕೆ ಬೇಡ. ನೀರು ಹಿಡಿದಿಟ್ಟು ಬೇರು ಕೊಳೆಸುತ್ತದೆ. ಮೊದಲನೆಯ ಗಿಡ ಹಾಗೇ ಸತ್ತಿತು. ಅವರು ಚಿಂಚೋಳಿ ಗುಡ್ಡದ ಕೆಂಪು ಮಣ್ಣನ್ನು ಪರಿಚಯದ ಲಾರಿಯಲ್ಲಿ ಎರಡು ಚೀಲ ತರಿಸಿದರು. ಅದಕ್ಕೆ ಕಾಗಿಣಾ ಹೊಳೆಯ ಉಸುಕು, ಹಳೆಯ ಸಗಣಿ ಗೊಬ್ಬರ ಕೂಡಿಸಿದರು. ಒಡೆದ ಫರಸಿ ತುಂಡುಗಳನ್ನು ಸಿಮೆಂಟಿನಿಂದ ಜೋಡಿಸಿ ತೊಟ್ಟಿ ಮಾಡಿದರು, ತಳಕ್ಕೆ ತೂತು ಬಿಟ್ಟರು. ಬೀಜ ಸುಲಭಕ್ಕೆ ಮೊಳೆಯುವುದಿಲ್ಲ, ಕಡ್ಡಿಯನ್ನೇ ಮುರಿದು ನೆಡಬೇಕು. ಬೇಸಿಗೆಯಲ್ಲಿ ಗೋಣಿ ತಟ್ಟು ಕಟ್ಟಿ ನೆರಳು ಮಾಡಿ, ಅದರ ಮೇಲೆ ನೀರು ಚಿಮುಕಿಸಬೇಕು. ಹೂ ಬಿಡಲು ಕೊಡಬಾರದು. ಹೂವಾದರೆ ಎಲೆಯ ಸಿಹಿ ಇಳಿಯುತ್ತದೆ. ಎಲ್ಲಕ್ಕಿಂತ ಕಷ್ಟ ಕಲ್ಲಿನ ಧೂಳು. ದಿನಾ ಬೆಳಿಗ್ಗೆ ಒದ್ದೆ ಬಟ್ಟೆಯಿಂದ ಒಂದೊಂದೇ ಎಲೆ ಒರೆಸುತ್ತಿದ್ದರು, ಕೂಸಿನ ಕಿವಿ ಒರೆಸಿದ ಹಾಗೆ. ಎರಡು ವರ್ಷದಲ್ಲಿ ಒಂದು ಗಿಡ ನಲವತ್ತು ತೊಟ್ಟಿಯಾಯಿತು.

ಎಲೆಯನ್ನು ನೆರಳಲ್ಲಿ ಒಣಗಿಸಿ, ಅಂಗೈಯಲ್ಲಿ ತಿಕ್ಕಿ ಪುಡಿ ಮಾಡಿ ಡಬ್ಬಿಗೆ ತುಂಬುತ್ತಿದ್ದರು. ಒಂದು ಕಪ್ ಚಹಾಕ್ಕೆ ಎರಡು ಬೆರಳಿನ ತುದಿಗೆ ಹತ್ತಿದಷ್ಟು ಸಾಕು. ಹೆಚ್ಚಾದರೆ ಕಷಾಯ. ತಮ್ಮ ಹತ್ತಿರ ಬರುವ ಸಕ್ಕರೆ ಕಾಯಿಲೆಯವರಿಗೆ ಪೊಟ್ಟಣ ಕಟ್ಟಿ ಪುಕ್ಕಟೆ ಕೊಡುತ್ತಿದ್ದರು. ಪ್ರತಿಯೊಬ್ಬರಿಗೂ ಅದೇ ಮಾತು: "ಇದು ದವಾ ಅಲ್ಲ. ನಾಲಿಗಿ ಸಮಾಧಾನ ಮಾಡ್ಲಿಕ್ಕಿ ಅಷ್ಟೇ. ಸೂಜಿ ಬಿಟ್ರ ನನ್ನ ಬಾಗಿಲಿಗಿ ಬರಬ್ಯಾಡ್ರಿ."

ನಮ್ಮ ಮನೆಗೂ ಒಂದು ತೊಟ್ಟಿ ಬಂತು. ಅತ್ತೆ ಮೂರು ದಿನ ಯೋಚಿಸಿ, ಎಲೆಗೆ ಮೈಲಿಗೆ ಇಲ್ಲವೆಂದು ತೀರ್ಮಾನಿಸಿ, ದೇವರ ನೀರು ಚಿಮುಕಿಸಿ ಒಳಗೆ ತಂದರು. ಆ ಗಿಡ ನೆಟ್ಟ ಕೈಗೆ ಹೊಸ್ತಿಲು ದಾಟಲು ಆಗಲೂ ಅಪ್ಪಣೆ ಇರಲಿಲ್ಲ. ಮಾವನವರು ಮೊದಲ ಗುಟುಕಿಗೆ ಮುಖ ಸಿಂಡರಿಸಿದರು, ವಾರದಲ್ಲಿ ರೂಢಿಯಾಯಿತು. ನೈವೇದ್ಯದ ಸಕ್ಕರೆಗೆ ಕೈ ಹಾಕುವುದು ನಿಂತಿತು. ಸೂಜಿ, ಪಥ್ಯ, ಈ ಎಲೆಯ ಚಹಾ ಎಲ್ಲ ಸೇರಿ ರಕ್ತದ ಸಕ್ಕರೆ ಹತೋಟಿಗೆ ಬಂತು.

ಭಾವ ನೋಡಿದ್ದು ಎಲೆಯೊಂದನ್ನೇ.

ಭಾವನ ಬಗ್ಗೆ ಎರಡು ಮಾತು ಹೇಳಬೇಕು. ಹಣೆಯ ಮೇಲೆ ಅಂಗಾರ ಅಕ್ಷತೆ, ಬಾಯಲ್ಲಿ ಸದಾ ದೇವರ ನಾಮ, ಅಂಗಡಿಯಲ್ಲಿ ಎಮ್ಮೆಯ ತುಪ್ಪಕ್ಕೆ ಡಾಲ್ಡಾ ಬೆರೆಸಿ ದೀಪಕ್ಕೆಂದು ಮಾರುವ ಕೈ. ಮಾತಾಡುವಾಗ ತುಟಿಯ ಎರಡೂ ಮೂಲೆಗೆ ಎಲೆಯಡಿಕೆಯ ರಸ ನಿಲ್ಲುತ್ತಿತ್ತು. ಒಂದು ದಿನ ಅಡಿಗೆ ಮನೆಯ ಬಾಗಿಲಿಗೆ ಬಂದು ನನಗೆ ಹೇಳಿದರು, "ಗುಡಿಗಿ ಬರೋ ಭಕ್ತರಾಗ ಭಾಳ ಮಂದಿಗಿ ಸಕ್ಕರಿ ಬ್ಯಾನಿ ಅದ. ನರ್ಸಬಾಯಿ ಕಡಿಂದ ಒಂದಿಷ್ಟು ಒಣಾ ಎಲಿ ಇಸ್ಕೊಂಬಾ. ನೀ ಕೇಳಿದ್ರ ಕೊಡ್ತಾರ."

ಕೇಳಿದೆ. ನರ್ಸಬಾಯಿ ಸಂತೋಷದಿಂದ ಎರಡು ಡಬ್ಬಿ ತುಂಬಿ ಕೊಟ್ಟರು. "ಗುಡಿಯವರು ಹಂಚಿದ್ರ ಇನ್ನಾ ಛಲೋ ಆಯ್ತು. ನಾ ಕೊಟ್ರ ಕೆಲವರು ಒಲ್ಲೆ ಅಂತಾರ," ಎಂದರು. ಹೀಗೆ ವಾರಕ್ಕೊಮ್ಮೆ ನಾನೇ ತಂದು ಭಾವನಿಗೆ ಕೊಡತೊಡಗಿದೆ.

ಭಾವ ಹಂಚಲಿಲ್ಲ, ಮಾರಿದರು. ಪೊಟ್ಟಣಕ್ಕೊಂದು ಚೀಟಿ ಬೇಕೆಂದು ನನ್ನನ್ನು ಕೂರಿಸಿ ಬರೆಸಿದರು. "ಶ್ರೀ ಸಿಹಿ ತುಳಸಿ ಪ್ರಸಾದ ಚೂರ್ಣ. ಸಕ್ಕರೆ ರೋಗ ಬುಡಸಮೇತ ನಾಶ. ಮೂರು ತಿಂಗಳು ಸೇವಿಸಿದರೆ ಗುಳಿಗೆ ಬೇಡ, ಸೂಜಿ ಬೇಡ." ಕೊನೆಯ ಸಾಲಿಗೆ ನನ್ನ ಕೈ ನಿಂತಿತು.

"ನರ್ಸಬಾಯಿ ಹಂಗ ಹೇಳಿಲ್ರಿ ಭಾವನೋರ. ಸೂಜಿ ಬಿಡಬಾರದು ಅಂತಾರ."

"ನೀ ಬರಿಯಾಕಿ, ಹೇಳಾಕಿ ಅಲ್ಲ," ಎಂದರು. "ಅಪ್ಪನ ಕಾಲು ಉಳಿದದ್ದು ನೋಡೀಯಿಲ್ಲೋ. ಬರಿ."

ಬರೆದೆ. ಬೆದರಿಸಿದ್ದರು, ಹೊಡೆದಿದ್ದರು ಎಂದು ಹೇಳಿಕೊಳ್ಳಲು ಏನೂ ಇಲ್ಲ. ಮನೆಯಲ್ಲಿ ಮಾತು ಬೆಳೆಯಬಾರದೆಂದು, ದೊಡ್ಡವರಿಗೆ ಎದುರಾಡಿದಳೆಂದು ಅನ್ನಿಸಿಕೊಳ್ಳಬಾರದೆಂದು, ಚಂದವಾಗಿ, ಸಾಲು ಓರೆಯಾಗದಂತೆ ಬರೆದೆ. ಅದನ್ನು ಅವರು ಹಳದಿ ಕಾಗದದ ಮೇಲೆ ಝೆರಾಕ್ಸ್ ಮಾಡಿಸಿದರು. ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿ ಕಡೆಯ ಅಂಗಡಿಗಳಿಗೂ ಪೊಟ್ಟಣ ಹೋಗತೊಡಗಿದವು. ನಲವತ್ತು ತೊಟ್ಟಿಯ ಎಲೆ ಇಷ್ಟು ಊರಿಗೆ ಹೇಗೆ ಸಾಲುತ್ತದೆಂದು ನಾನು ಕೇಳಲಿಲ್ಲ. ಅಂಗಡಿಯ ಹಿಂದಿನ ಕೋಣೆಯಲ್ಲಿ ಮಿಕ್ಸರ್ ತಿರುಗುವ ಸದ್ದು ಮಾತ್ರ ಮಧ್ಯಾಹ್ನವೆಲ್ಲ ಕೇಳುತ್ತಿತ್ತು.

ನರ್ಸಬಾಯಿ ಮನೆಯ ಪಕ್ಕದ ಪಾಲಿಶ್ ಕಾರ್ಖಾನೆಯಲ್ಲಿ ಗುಂಡಗುರ್ತಿಯ ಒಬ್ಬ ಹೆಂಗಸು ಕೆಲಸ ಮಾಡುತ್ತಿದ್ದಳು. ನಲವತ್ತರ ಆಸುಪಾಸು. ದಿನವಿಡೀ ಒದ್ದೆ ಫರಸಿಯ ಮೇಲೆ ನಿಂತು ಕಲ್ಲು ತಿರುವುವ ಕೆಲಸ. ಸಕ್ಕರೆ ಕಾಯಿಲೆ. ನರ್ಸಬಾಯಿಯೇ ಅವಳಿಗೆ ಸೂಜಿ ಚುಚ್ಚಿಕೊಳ್ಳಲು ಕಲಿಸಿದ್ದರು. ಅವಳು ಕೆಲವು ತಿಂಗಳು ಕಣ್ಣಿಗೆ ಬೀಳಲಿಲ್ಲ. ಬೇರೆ ಕಾರ್ಖಾನೆಗೆ ಹೋಗಿರಬೇಕೆಂದುಕೊಂಡಿದ್ದರು. ಒಂದು ಮುಂಜಾನೆ ಅವಳ ತಮ್ಮ ಕೈಗಾಡಿಯಲ್ಲಿ ಮಲಗಿಸಿಕೊಂಡು ಬಂದ. ಎಡಗಾಲು ಪಾದದಿಂದ ಮೇಲೆ ಗೇಣುದ್ದ ಕಪ್ಪಾಗಿತ್ತು, ಹುಳ ಬಿದ್ದಿತ್ತು. ನರ್ಸಬಾಯಿ ಅವಳ ಜೊತೆ ತಾವೇ ಕಲಬುರಗಿಯ ಆಸ್ಪತ್ರೆಗೆ ಹೋದರು. ಮೊಣಕಾಲಿನ ಕೆಳಗೆ ಕಾಲು ತೆಗೆದರು.

ಸೂಜಿ ಯಾಕೆ ಬಿಟ್ಟೆ ಎಂದು ಕೇಳಿದ್ದಕ್ಕೆ ಅವಳು ಸೆರಗಿನ ಗಂಟಿನಿಂದ ಹಳದಿ ಚೀಟಿಯ ಪೊಟ್ಟಣ ತೆಗೆದು ಕೊಟ್ಟಳಂತೆ.

ಮೂರು ದಿನದ ಮೇಲೆ, ಶಾಲೆಯಿಂದ ನಾನು ಆಗಷ್ಟೇ ಬಂದಿದ್ದ ಹೊತ್ತಿನಲ್ಲಿ, ನರ್ಸಬಾಯಿ ನಮ್ಮ ಮನೆಗೆ ಬಂದರು. ಕಟ್ಟೆಯ ಮೇಲೆ ನಿಲ್ಲಲಿಲ್ಲ. ಹೊಸ್ತಿಲು ದಾಟಿ ನೇರ ಪಡಸಾಲೆಗೆ ಬಂದು, ಮಾವನವರು ಕೂತಿದ್ದ ಮಣೆಯ ಮುಂದೆ ಒಂದು ಸ್ಟೀಲ್ ತಟ್ಟೆ ಇಟ್ಟರು. ತಟ್ಟೆಯಲ್ಲಿ ಬಿಚ್ಚಿದ ಎರಡು ಪೊಟ್ಟಣ. ಒಂದು ಅವರ ಡಬ್ಬಿಯದು, ಸುಮ್ಮನೆ ಇತ್ತು. ಇನ್ನೊಂದು ಹಳದಿ ಚೀಟಿಯದು, ಇರುವೆ ಮುತ್ತಿ ಕಪ್ಪಾಗಿ ಅಲುಗುತ್ತಿತ್ತು.

"ಹೊರಗ ನಿಂತು ಮಾತಾಡ್ರಿ," ಎಂದರು ಅತ್ತೆ.

"ಆಮ್ಯಾಲ ಮನಿ ತೊಳ್ಕೋರಿ," ಎಂದರು ನರ್ಸಬಾಯಿ. ದನಿ ಏರಿರಲಿಲ್ಲ. "ಆಚಾರ್ರ, ನನ್ನ ಎಲಿಗಿ ಇರುವಿ ಬರಂಗಿಲ್ಲ. ಇದಕ್ಕ ಯಾಕ ಬಂದಾವ, ಜರಾ ನಾಲಿಗಿಗಿ ಹಚ್ಚಿ ಹೇಳ್ರಿ."

ಮಾವನವರು ಚಿಟಿಕೆ ತೆಗೆದು ಇರುವೆ ಊದಿ ಬಾಯಿಗೆ ಹಾಕಿಕೊಂಡರು. ಜೀವಮಾನವಿಡೀ ಸಕ್ಕರೆಯ ರುಚಿ ಬಲ್ಲ ನಾಲಿಗೆ. "ಸಕ್ಕರಿ," ಎಂದರು ಮೆಲ್ಲಗೆ.

ಭಾವ ಒಳಗಿನಿಂದ ಬಂದರು. ಮೊದಲು ನಕ್ಕರು. ಆಮೇಲೆ, "ಬರೇ ಎಲಿ ಕಹಿ ಅಂತ ಯಾರೂ ಎರಡನೇ ಸಲ ಒಯ್ಯಂಗಿಲ್ಲ. ಒಂದಿಷ್ಟು ಪುಡಿ ಸಕ್ಕರಿ ಕೂಡಸಿದ್ರ ಏನಾತು? ಯಾವ ವ್ಯಾಪಾರದಾಗ ಕೂಡಸಂಗಿಲ್ಲ?" ಎಂದರು.

"ಸಕ್ಕರಿ ಬ್ಯಾನಿಯವರಿಗಿ ಸಕ್ಕರಿ ತಿನ್ನಸೀರಿ. ಮ್ಯಾಲ ಸೂಜಿ ಬಿಡ್ರಿ ಅಂದೀರಿ. ಒಬ್ಬಾಕಿ ಕಾಲು ಹೋಯ್ತು."

"ಆಕಿ ಪಥ್ಯ ಮಾಡಿರಕ್ಕಿಲ್ಲ. ದೇವರ ಮ್ಯಾಲ ನಂಬಿಕಿ ಬೇಕಾಗ್ತದ."

ನರ್ಸಬಾಯಿ ಅವರನ್ನು ಒಂದು ಗಳಿಗೆ ನೋಡಿದರು. ಹುಳ ಬಿದ್ದ ಕಾಲನ್ನು ಬರಿಗೈಯಲ್ಲಿ ಹಿಡಿಯುವ ಹೆಂಗಸು, ಭಾವನ ಎದುರಿನಿಂದ ಎರಡು ಹೆಜ್ಜೆ ಹಿಂದೆ ಸರಿದು ಸೆರಗಿನಿಂದ ಮೂಗು ಮುಚ್ಚಿಕೊಂಡರು. ಅವರು ಹೇಸಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಮಾವನವರು ಎದ್ದು, ಬಾಯಿ ಮುಕ್ಕಳಿಸಿ, ದೇವರ ಮನೆಗೆ ಹೋಗಿ ಬಾಗಿಲು ಹಾಕಿಕೊಂಡರು. ಮಗನಿಗೆ ಒಂದು ಮಾತೂ ಅನ್ನಲಿಲ್ಲ. ತಮ್ಮ ಕಾಲು ಉಳಿಸಿದವರಿಗೆ ಕೂರಿ ಎನ್ನಲೂ ಇಲ್ಲ. ಒಳಗಿನಿಂದ ಘಂಟೆಯ ಸದ್ದು ಬಂತು.

ಹೋಗುವ ಮುಂಚೆ ನರ್ಸಬಾಯಿ ತಟ್ಟೆಯಿಂದ ಹಳದಿ ಚೀಟಿಯನ್ನು ಎತ್ತಿ, ಇರುವೆ ಝಾಡಿಸಿ, ನನ್ನ ಕೈಗೆ ಕೊಟ್ಟರು.

"ಅಕ್ಷರ ಭಾಳ ಚಂದ ಅವ," ಎಂದರು.

ಮರುದಿನ ಶಾಲೆಗೆ ರಜೆ ಹಾಕಿ ಅವರ ಮನೆಗೆ ಹೋದೆ. ಬೈಯುತ್ತಾರೆಂದುಕೊಂಡಿದ್ದೆ. ಅವರು ಒಂದು ಬಿಳಿ ಹಾಳೆ, ಪೆನ್ನು ಮುಂದಿಟ್ಟರು. "ಈಗ ಇನ್ನೊಂದು ಬರಿ. ಅದೇ ಕೈಲೆ, ಅಷ್ಟೇ ಚಂದ."

ಈ ಪುಡಿ ಔಷಧಿ ಅಲ್ಲ, ಇದರಲ್ಲಿ ಸಕ್ಕರೆ ಬೆರೆತಿದೆ, ಸೂಜಿ ಗುಳಿಗೆ ಬಿಟ್ಟವರು ಇವತ್ತೇ ದವಾಖಾನೆಗೆ ಹೋಗಿರಿ ಎಂದು ಬರೆದೆ. ಕೆಳಗೆ ನನ್ನ ಹೆಸರು ಹಾಕಿದೆ. ಸಾಲು ಓರೆಯಾಯಿತು. ಅವರು ಹರಿದು ಇನ್ನೊಂದು ಹಾಳೆ ಕೊಟ್ಟರು.

ಅದರ ಪ್ರತಿಗಳನ್ನು ಹಿಡಿದು ನಾವಿಬ್ಬರೂ ಊರೂರು ತಿರುಗಿದೆವು. ವಾಡಿ ಸ್ಟೇಷನ್ನಿನ ಬದಿಯ ಕಿರಾಣಿ, ಚಿತ್ತಾಪುರದ ಗುಡಿ ಮುಂದಿನ ಹೂವಿನಂಗಡಿ, ಮಳಖೇಡದ ಒಂದು ಪಾನ್ ಡಬ್ಬಿ ಅಂಗಡಿ. ಸೇಡಂನ ಅಂಗಡಿಯವನು ಹಳದಿ ಚೀಟಿಯನ್ನೂ ಬಿಳಿ ಚೀಟಿಯನ್ನೂ ಅಕ್ಕಪಕ್ಕ ಇಟ್ಟು ನೋಡಿ, "ಎರಡೂ ಒಂದೇ ಕೈಯಿಂದು ಕಾಣ್ತಾವಲ್ರಿ. ಯಾವುದು ಖರೆ ಅಂತ ತಿಳ್ಕೋಬೇಕು ನಾ?" ಎಂದ. ನರ್ಸಬಾಯಿ ಪೊಟ್ಟಣ ಹರಿದು ಅವನ ಕಟ್ಟೆಯ ಮೇಲೆ ಸುರಿದರು. "ನಮ್ಮನ್ನ ನಂಬಬ್ಯಾಡ್ರಿ. ಕುಂತು ನೋಡ್ರಿ, ಇರುವಿ ಬಂದು ಹೇಳ್ತಾವ." ಅರ್ಧ ಗಂಟೆ ಕೂತೆವು. ಅವು ಬಂದವು. ಅವನು ಉಳಿದ ಪೊಟ್ಟಣಗಳನ್ನೆಲ್ಲ ತಂದು ನಮ್ಮ ಚೀಲಕ್ಕೆ ಹಾಕಿದ.

ಕೊಡ್ಲಿಯಲ್ಲಿ ಅವರ ಹಳೆಯ ರೋಗಿ, ಒಬ್ಬ ಮುದುಕ, ಸಿಕ್ಕ. "ನಿಮ್ಮ ಎಲಿ ತಿಂದು ನಾ ಸೂಜಿ ಬಿಟ್ಟೀನಿ ಬಾಯಾರ," ಎಂದು ಹೆಮ್ಮೆಯಿಂದ ಹೇಳಿದ. ನರ್ಸಬಾಯಿ ಅಲ್ಲೇ ಅವನ ಚಪ್ಪಲಿ ತೆಗೆಸಿ, ಬೆರಳ ಸಂದುಗಳನ್ನು ಬಿಡಿಸಿ, ಮೂಸಿ ನೋಡಿದರು. ಇನ್ನೂ ಹುಣ್ಣಾಗಿರಲಿಲ್ಲ, ಹೊತ್ತಿಗೆ ಸರಿಯಾಗಿ ಬಂದಿದ್ದೆವು. ಅಲ್ಲಿಯ ದವಾಖಾನೆಗೆ ನಾವೇ ಅವನನ್ನು ಕರೆದೊಯ್ದು ಬಿಟ್ಟು ಬಂದೆವು. ತಿರುಗಿ ಬರುವ ದಾರಿಯಲ್ಲಿ ಅವರು ಒಂದೇ ಮಾತು ಆಡಿದರು. "ನಿಮ್ಮ ಎಲಿ ಅಂದ ನೋಡು. ನನ್ನ ಎಲಿ ಅಂದ."

ಅವರು ಗಿಡಗಳನ್ನು ಕಿತ್ತು ಎಸೆಯುತ್ತಾರೆಂದು ನಾನು ಎಣಿಸಿದ್ದೆ. ಎಸೆಯಲಿಲ್ಲ. "ಗಿಡ ಏನು ಮಾಡ್ಯಾದ?" ಎಂದರು. ಆದರೆ ಆಮೇಲೆ ಯಾರಿಗೂ ಒಣಗಿದ ಎಲೆ ಕೊಡಲಿಲ್ಲ. ಕೇಳಿದವರಿಗೆ ಕಡ್ಡಿ ಮುರಿದು ಕೊಡುತ್ತಿದ್ದರು. ಕೆಂಪು ಮಣ್ಣು ಹಾಕಿ, ನೆರಳು ಕಟ್ಟಿ, ಮೊಗ್ಗು ಚಿವುಟಿ, ನೀವೇ ಬೆಳೆಸಿಕೊಂಡು ತಿನ್ನಿರಿ. "ತಾ ಬೆಳಸಿದ್ದು ಏನಂತ ಮನಷ್ಯಾಗ ಗೊತ್ತಿರ್ತದ. ಪುಡಿ ಮಾಡಿದ ಮ್ಯಾಲ ಯಾರ್ಗೂ ಗೊತ್ತಾಗಂಗಿಲ್ಲ." ಅರ್ಧಕ್ಕರ್ಧ ಮಂದಿ ಗಿಡ ಸಾಯಿಸಿ ಮತ್ತೆ ಬಂದರು. ಬೈದು ಮತ್ತೆ ಕೊಟ್ಟರು.

ನಮ್ಮ ಮನೆಯಲ್ಲಿ ನನ್ನ ಜೊತೆ ಮಾತು ನಿಂತಿತು. ನನ್ನ ಹೆಸರಿದ್ದ ಬಿಳಿ ಚೀಟಿಯಿಂದ ಮನೆತನದ ಮಾನ ಹೋಯಿತಂತೆ, ಹಳದಿಯಿಂದ ಹೋಗಿರಲಿಲ್ಲವಂತೆ. ಭಾವನ ಮೇಲೆ ಯಾರೂ ಫಿರ್ಯಾದಿ ಕೊಡಲಿಲ್ಲ. ಆರು ತಿಂಗಳಲ್ಲಿ ಅವರು ಮೊಣಕಾಲು ನೋವಿನ ಎಣ್ಣೆ ಮಾರತೊಡಗಿದರು. ಹಳೆಯ ಗಿರಾಕಿಗಳೇ ಬಂದು ಕೊಂಡರು. ಹೇಸಿಕೊಂಡು ಹೇಸಿಕೊಂಡು ನನಗೆ ಸಾಕಾಯಿತು. ಕೊನೆಗೆ ನಾನು ಹಟ ಹಿಡಿದು ವರ್ಗ ಮಾಡಿಸಿಕೊಂಡು, ಗಂಡನೊಡನೆ ಚಿತ್ತಾಪುರದಲ್ಲಿ ಬೇರೆ ಮನೆ ಮಾಡಿದೆ.

ವಾರಕ್ಕೊಮ್ಮೆ ಶಹಾಬಾದಕ್ಕೆ ಹೋಗಿ ನರ್ಸಬಾಯಿಯನ್ನು ನೋಡಿ ಬರುತ್ತಿದ್ದೆ. ಒಂದು ದಿನ ಎಲೆ ಒರೆಸುತ್ತಿದ್ದವರ ಹತ್ತಿರ ಕೂತು ಕೇಳಿದೆ, "ನನಗ ಮಾಫ್ ಮಾಡೀರೇನು?"

ಅವರು ಕೈಯ ಬಟ್ಟೆ ಹಿಂಡಿದರು. "ಮಾಫಿ ನನ್ನ ಕಡಿ ಕೇಳಬ್ಯಾಡ ಬೇಟಿ. ಕಾಲು ನಂದಲ್ಲ."

ನಾನು ಗುಂಡಗುರ್ತಿಗೆ ಹೋಗಲಿಲ್ಲ. ಶಾಲೆ, ಪರೀಕ್ಷೆ, ಮಗಳ ಜ್ವರ, ಯಾವಾಗಲೂ ಏನಾದರೂ ಇರುತ್ತಿತ್ತು. ಅವರು ಮತ್ತೆ ಆ ಮಾತು ಎತ್ತಲಿಲ್ಲ.

ಕೊನೆಗೆ ಅವರ ಮೂತ್ರಪಿಂಡಗಳು ಕೈಕೊಟ್ಟವು. ಹಾಸಿಗೆ ಹಿಡಿದಾಗ ಹೈದರಾಬಾದಿನಿಂದ ಅಕ್ಕನ ಮಗಳು ಬಂದಿದ್ದಳು. ದಸರೆಯ ರಜೆಯಲ್ಲಿ ನಾನೂ ಹೋಗಿ ಉಳಿದೆ. ಅವರ ಬೆನ್ನಿನಲ್ಲಿ ಹುಣ್ಣಾಗಿತ್ತು. ಮೊದಲ ದಿನ ಬಟ್ಟೆ ಬಿಚ್ಚಿದ ಕೂಡಲೇ ನನಗೆ ಹೊಟ್ಟೆ ತೊಳೆಸಿತು. ಅವರಿಗೆ ಬೆನ್ನ ಹಿಂದಿನದು ಕಾಣದಿದ್ದರೂ ಗೊತ್ತಾಯಿತು.

"ಹೋಗು, ಹೊರಗ ಕಾರಿ ಬಾ," ಎಂದರು. "ಶರಮ್ ಏನಿಲ್ಲ. ನಾನೂ ಮೊದಲ ವರ್ಷ ಕಾರೀನಿ. ಕಾರಿ ಬಂದು ಕೆಲಸ ಮಾಡಬೇಕು, ಅಷ್ಟೇ."

ಹೋಗಿ, ವಾಂತಿ ಮಾಡಿ, ಬಾಯಿ ತೊಳೆದು ಬಂದು ಹುಣ್ಣು ತೊಳೆದೆ. ಹನ್ನೊಂದು ದಿನ ತೊಳೆದೆ. ನಾನು ಅವರಿಂದ ಕಲಿತದ್ದೆಂದು ಧೈರ್ಯವಾಗಿ ಹೇಳಿಕೊಳ್ಳಬಲ್ಲದ್ದು ಅದೊಂದೇ. ಹನ್ನೆರಡನೆಯ ದಿನ ಮಧ್ಯಾಹ್ನ, ಪಕ್ಕದಲ್ಲಿ ಕಲ್ಲಿನ ಯಂತ್ರಗಳು ಕಿರುಚುತ್ತಿರುವಾಗ, ಅವರು ತೀರಿಕೊಂಡರು. ಸಂಜೆಗೆ ಮೊದಲೇ ಮಣ್ಣಾಯಿತು.

ಮರುದಿನ ಚಿತ್ತಾಪುರದ ಮನೆಗೆ ಹೋಗದೆ ನೇರ ಗುಂಡಗುರ್ತಿಯ ಬಸ್ಸು ಹತ್ತಿದೆ. ಆ ಹೆಂಗಸು ತಮ್ಮನ ಮನೆಯ ಅಂಗಳದಲ್ಲಿ ಕೂತು ಮೊರದಲ್ಲಿ ತೊಗರಿ ಬೇಳೆ ಹಸನು ಮಾಡುತ್ತಿದ್ದಳು. ಕಾಲಿಲ್ಲದ ಕಡೆಗೆ ಸೀರೆಯನ್ನು ಮಡಚಿ ಒಳಗೆ ಸಿಕ್ಕಿಸಿಕೊಂಡಿದ್ದಳು. ನರ್ಸಬಾಯಿ ಹೋದರೆಂದು ಹೇಳಿದೆ. ಅವಳು ಮೊರ ಕೆಳಗಿಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡಳು. ತಿಂಗಳಿಗೊಮ್ಮೆ ಬಂದು ಉಳಿದ ಕಾಲು ನೋಡಿ ಹೋಗುತ್ತಿದ್ದರಂತೆ. ನನಗೆ ಅದು ಗೊತ್ತೇ ಇರಲಿಲ್ಲ.

ನಾನು ಯಾರೆಂದು ಅವಳು ಕೇಳಲಿಲ್ಲ. ನಾನೇ ಹೇಳಿದೆ. "ಆ ಹಳದಿ ಚೀಟಿ ಬರದಾಕಿ ನಾನು."

"ಗೊತ್ತದ," ಎಂದಳು. "ನನಗ ಓದಲಿಕ್ಕಿ ಬರಂಗಿಲ್ಲ. ಅಕ್ಷರ ನೋಡಿ, ಇಷ್ಟು ಚಂದ ಬರದಾರ, ಓದಿದವರು ಬರದಾರ ಅಂತ ನಂಬಿ ತಿಂದೆ. ಅದರಾಗ ಏನದ ಅಂತ ಬ್ಯಾರೆಯವರು ಓದಿ ಹೇಳಿದ್ರು." ಕೆಳಗಿಟ್ಟ ಮೊರದಿಂದ ಕಲ್ಲೊಂದನ್ನು ಆರಿಸಿ ಎಸೆದಳು. "ನೀವು ಬರ್ತೀರಂತ ನರ್ಸಬಾಯಿ ಹೇಳ್ತಿದ್ರು. ಕೊನೀ ಸಲ ಬಂದಾಗೂ ಹೇಳಿದ್ರು, ಬರ್ತಾಳ ನೋಡು ಅಂತ. ನಾಕು ವರ್ಷ ಆಯ್ತು."

ಕುಂದ್ರಿ ಎಂದು ಅವಳು ಹೇಳಲಿಲ್ಲ. ಮೊರವನ್ನು ಎತ್ತಿಕೊಂಡು ಮತ್ತೆ ಬೇಳೆ ಕೇರತೊಡಗಿದಳು. ಹೊಟ್ಟು ಹಾರಿ ನನ್ನ ಸೀರೆಯ ಮೇಲೆ ಬೀಳುತ್ತಿತ್ತು. ಅವಳ ಮುಂದೆ ನಿಂತೇ ಇದ್ದೆ, ಬಸ್ಸಿನ ಹೊತ್ತಾಗುವವರೆಗೆ.